ಜಗುಲಿಗೆ ಬಂದ ಬೆಕ್ಕಿನ ಮರಿ: ಕೈಬಿಗಿಯ ಸಂಸಾರದಲ್ಲಿ ಸಾಕುವುದು ಹೇಗೆ?

ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಹಂಚಿನ ಮನೆಗಳ ಜಗುಲಿಗೆ ಕರೆಯದ ಅತಿಥಿಯೊಂದು ಬಂದು ಕೂರುವುದು ಹೊಸತಲ್ಲ. ಮೈಯೆಲ್ಲ ಒದ್ದೆ, ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ, ಕಣ್ಣಂಚಿನಲ್ಲಿ ಪಿಸುರು. ಆದರೂ ಯಾರಾದರೂ ಹತ್ತಿರ ಹೋದರೆ ಓಡುವುದಿಲ್ಲ. ಬಾಲವೆತ್ತಿ ಕಾಲಿಗೆ ಮೈ ಉಜ್ಜುತ್ತದೆ. ಹಿರಿಯರು ಗಮನಿಸುವಷ್ಟರಲ್ಲಿ ಮಕ್ಕಳು ಅದನ್ನು ಒಳಗೆ ತಂದು, ಹಳೆಯ ಟವೆಲಿನಲ್ಲಿ ಸುತ್ತಿ, ಹೆಸರನ್ನೂ ಇಟ್ಟಿರುತ್ತಾರೆ.

ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ದಿನದ ಖರ್ಚು ಸರಿದೂಗಿಸುವ ಮನೆಗಳಲ್ಲಿ ಮುಂದಿನ ತೀರ್ಮಾನ ಸುಲಭದ್ದಲ್ಲ. ಇಂತಹ ಮರಿಗಳ ಕಥೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಮುಗಿಯುತ್ತದೆ. ಒಂದೋ, ಅದನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರಲಾಗುತ್ತದೆ. ಇಲ್ಲವೇ, ಕರುಣೆಯಿಂದ ಹಾಲು-ಅನ್ನ ಹಾಕಿ ಉಳಿಸಿಕೊಂಡ ಮರಿ ಹದಿನೈದು ದಿನಗಳಲ್ಲಿ ಭೇದಿಯಿಂದ ಬಳಲಿ ಸಾಯುತ್ತದೆ. ಮೊದಲನೆಯದಕ್ಕೆ ಕಾರಣ ಹಣದ ಭಯ. ಎರಡನೆಯದಕ್ಕೆ ಕಾರಣ ತಿಳಿವಳಿಕೆಯ ಕೊರತೆ. ಯಾವ ಖರ್ಚು ಅನಿವಾರ್ಯ, ಯಾವುದನ್ನು ಉಳಿಸಬಹುದು ಎಂಬುದು ಸ್ಪಷ್ಟವಾದರೆ ಈ ಎರಡನ್ನೂ ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ವಿಚಾರಣೆ

ಮನುಷ್ಯರನ್ನು ಕಂಡು ಹೆದರದ ಮರಿ ಎಂದರೆ ಅದು ಮನುಷ್ಯರ ನಡುವೆಯೇ ಬೆಳೆದಿದೆ ಎಂದರ್ಥ. ಬೆಕ್ಕಿನ ಮರಿಗಳಿಗೆ ಮನುಷ್ಯರ ಸ್ನೇಹ ಒಗ್ಗುವ ಮುಖ್ಯ ಕಾಲ ಎರಡರಿಂದ ಏಳನೆಯ ವಾರದವರೆಗೆ. ಆ ಅವಧಿಯಲ್ಲಿ ಯಾರ ಕೈಯೂ ಸೋಕದ ಮರಿ ಹತ್ತಿರ ಹೋದರೆ ಬುಸುಗುಟ್ಟುತ್ತದೆ. ಆದ್ದರಿಂದ ಸ್ನೇಹದಿಂದಿರುವ ಮರಿ ನೆರೆಯ ಮನೆಯದ್ದಾಗಿರುವ ಸಾಧ್ಯತೆ ಇದ್ದೇ ಇದೆ. ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ, ಹಾಲಿನ ಡೇರಿಯಲ್ಲಿ, ಅಂಗಡಿಯಲ್ಲಿ ವಿಚಾರಿಸುವುದು ಮೊದಲ ಕೆಲಸ.

ಮರಿ ತೀರಾ ಚಿಕ್ಕದಿದ್ದರೆ ಇನ್ನೊಂದು ಎಚ್ಚರ ಅಗತ್ಯ. ತಾಯಿ ಬೆಕ್ಕು ಮರಿಗಳನ್ನು ಸ್ಥಳಾಂತರಿಸುವಾಗ ಒಂದೊಂದಾಗಿ ಕಚ್ಚಿಕೊಂಡು ಒಯ್ಯುತ್ತದೆ. ಒಂಟಿಯಾಗಿ ಕಂಡ ಮರಿ ತಬ್ಬಲಿಯೇ ಆಗಿರಬೇಕೆಂದಿಲ್ಲ. ಮರಿ ಬೆಚ್ಚಗೆ, ಶಾಂತವಾಗಿ ಮಲಗಿದ್ದರೆ ದೂರದಿಂದ ಕೆಲವು ಗಂಟೆ ಗಮನಿಸಬೇಕು. ಮಳೆಯಲ್ಲಿ ನೆನೆಯುತ್ತಿದ್ದರೆ, ಗಾಯವಾಗಿದ್ದರೆ ಅಥವಾ ಎಡೆಬಿಡದೆ ಅರಚುತ್ತಿದ್ದರೆ ಕಾಯುವ ಪ್ರಶ್ನೆ ಇಲ್ಲ.

ವಯಸ್ಸು ತಿಳಿಯುವ ಬಗೆ

ಆಹಾರ, ಔಷಧ ಎಲ್ಲವೂ ವಯಸ್ಸನ್ನು ಅವಲಂಬಿಸಿರುವುದರಿಂದ ಅದನ್ನು ಅಂದಾಜು ಮಾಡಿಕೊಳ್ಳುವುದು ಒಳಿತು. ಹುಟ್ಟಿದ ಒಂದರಿಂದ ಎರಡು ವಾರಗಳಲ್ಲಿ ಕಣ್ಣು ತೆರೆಯುತ್ತದೆ. ಮೂರರಿಂದ ನಾಲ್ಕನೆಯ ವಾರದಲ್ಲಿ ಮುಂದಿನ ಪುಟ್ಟ ಹಲ್ಲುಗಳು ಮೂಡುತ್ತವೆ. ಆರು-ಏಳನೆಯ ವಾರದ ಹೊತ್ತಿಗೆ ಕಣ್ಣಿನ ನೀಲಿ ಬಣ್ಣ ಮಾಸತೊಡಗುತ್ತದೆ. ತೂಕವೂ ನೆರವಾಗುತ್ತದೆ, ಚೆನ್ನಾಗಿ ಉಂಡ ಮರಿ ತಿಂಗಳಿಗೆ ಸುಮಾರು ಅರ್ಧ ಕಿಲೋದಂತೆ ಬೆಳೆಯುತ್ತದೆ. ಎರಡು ತಿಂಗಳ ಮರಿ ಒಂದು ಕಿಲೋಗೆ ಸ್ವಲ್ಪ ಕಡಿಮೆ ಇರುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ತೂಗಿದರೂ ಸಾಕು. ಜಗುಲಿಗೆ ತಾನಾಗಿಯೇ ನಡೆದು ಬಂದು ಆಹಾರ ಕೇಳುವ ಮರಿಗಳ ವಯಸ್ಸು ಹೆಚ್ಚಾಗಿ ಆರು ವಾರ ದಾಟಿರುತ್ತದೆ.

ಮೊದಲು ಬಿಸಿ, ಆಮೇಲೆ ಊಟ

ಒದ್ದೆಯಾದ, ತಣ್ಣಗಾದ ಮರಿಗೆ ಕೂಡಲೇ ಏನನ್ನಾದರೂ ಕುಡಿಸಲು ಹೊರಡುವುದು ಸಹಜ. ಆದರೆ ಅದು ಅಪಾಯಕಾರಿ. ಮೈ ತಣ್ಣಗಿರುವಾಗ ಮರಿಯ ಹೊಟ್ಟೆ ಆಹಾರವನ್ನು ಅರಗಿಸುವುದಿಲ್ಲ. ನುಂಗಲು ಶಕ್ತಿಯಿಲ್ಲದೆ ಅದು ಶ್ವಾಸಕೋಶಕ್ಕೂ ಹೋಗಬಹುದು. ಮೊದಲು ಮೈ ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ತುಂಡು ಹಾಸಿ, ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಡಬೇಕು. ಸೆಕೆಯಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಬೇಕು. ಮರಿಗಳು ಬಚ್ಚಲೊಲೆಯ ಬೂದಿಯಲ್ಲಿ ಮಲಗಲು ಹೋಗುತ್ತವೆ. ಬೂದಿಯ ಕೆಳಗೆ ಕೆಂಡ ಉಳಿದಿರುವುದರಿಂದ ಒಲೆಯ ಬಾಯಿಗೆ ಏನನ್ನಾದರೂ ಅಡ್ಡ ಇಡುವುದು ಕ್ಷೇಮ. ಬೆಚ್ಚಗಿನ ಜಾಗ ಹುಡುಕಿ ರಿಕ್ಷಾ, ಬೈಕುಗಳ ಎಂಜಿನ್ ಬಳಿ ಸೇರಿಕೊಳ್ಳುವುದೂ ಉಂಟು.

ಹಾಲು ಬೇಡವೇ?

ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಬೆಕ್ಕಿಗೂ ಹಾಲಿಗೂ ಬಿಡದ ನಂಟು ಎಂಬ ನಂಬಿಕೆಯೇ ಆ ಕಥೆಯ ಆಧಾರ. ವಾಸ್ತವದಲ್ಲಿ ತಾಯಿಯ ಹಾಲು ಬಿಡುತ್ತಿದ್ದಂತೆ ಬೆಕ್ಕಿನ ದೇಹದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಕುಂದುತ್ತದೆ. ಅರಗದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಗೆ ಕಾರಣವಾಗುತ್ತದೆ. ದೊಡ್ಡ ಬೆಕ್ಕು ಇದನ್ನು ತಡೆದುಕೊಂಡೀತು. ಅರ್ಧ ಕಿಲೋ ತೂಕದ ಮರಿಯ ಮೈಯಲ್ಲಿ ನೀರು ಬತ್ತಲು ಒಂದು ದಿನ ಸಾಕು. ಆರು ವಾರ ದಾಟಿದ ಮರಿಗೆ ಹಾಲಿನ ಅಗತ್ಯವೇ ಇಲ್ಲ. ಶುದ್ಧ ನೀರು ಸಾಕು. ಹಾಲು ಕೊಡದಿರುವುದರಿಂದ ಮರಿಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ನಾಲ್ಕು ವಾರಕ್ಕಿಂತ ಚಿಕ್ಕ ಮರಿಗಳ ವಿಷಯ ಬೇರೆ. ಅವಕ್ಕೆ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ರಾತ್ರಿಯೂ ಸೇರಿದಂತೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಶಿಶುವಿನಂತೆ ಅಂಗಾತ ಮಲಗಿಸದೆ, ಹೊಟ್ಟೆ ಕೆಳಗಾಗಿರುವಂತೆ ಹಿಡಿದು ಕುಡಿಸಬೇಕು. ಇದು ಖರ್ಚಿನದ್ದೂ ನಿದ್ದೆಗೇಡಿನದ್ದೂ ಆದ ಕೆಲಸ. ಮರಿಯಿರುವ ಹಾಲೂಡುವ ತಾಯಿ ಬೆಕ್ಕು ಊರಿನಲ್ಲಿದ್ದರೆ ಅದರ ಜೊತೆ ಸೇರಿಸಲು ಪ್ರಯತ್ನಿಸುವುದು ಉತ್ತಮ.

ಮೀನಿನ ಊರಿನಲ್ಲಿ ಬೆಕ್ಕಿನ ಊಟ

ಬೆಕ್ಕು ಮಾಂಸಾಹಾರವನ್ನೇ ಅವಲಂಬಿಸಿದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಅದು ದೊರೆಯಬೇಕು. ಇದರ ಕೊರತೆಯಿಂದ ಬೆಕ್ಕಿನ ದೃಷ್ಟಿ ಕುಂದುತ್ತದೆ. ಹೃದಯ ದುರ್ಬಲವಾಗಿ ಹಿಗ್ಗುವ ರೋಗಕ್ಕೂ ಇದೇ ಕಾರಣ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಮೊಸರನ್ನ ಮಾತ್ರ ತಿಂದು ಬೆಳೆಯುವ ಬೆಕ್ಕು ಹೊಟ್ಟೆ ತುಂಬಿದಂತೆ ಕಂಡರೂ ಒಳಗೆ ಸೊರಗುತ್ತಿರುತ್ತದೆ.

ಕರಾವಳಿಯ ಮನೆಗಳಿಗೆ ಬೂತಾಯಿ, ಬಂಗುಡೆಗಳು ಆಸರೆ. ಆದರೆ ಇಲ್ಲಿ ಕೆಲವು ನಿಯಮಗಳಿವೆ. ಹಸಿ ಮೀನಿನಲ್ಲಿ ಬಿ-1 ಜೀವಸತ್ವವನ್ನು ನಾಶಮಾಡುವ ಅಂಶ ಇರುವುದುಂಟು. ಬೇಯಿಸಿದರೆ ಅದು ಹೋಗುತ್ತದೆ. ಆದ್ದರಿಂದ ಉಪ್ಪು-ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಬೇಕು. ಟಾರಿನ್ ನೀರಿಗೆ ಇಳಿಯುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಆಹಾರದ ಜೊತೆಗೇ ಕಲಸಬೇಕು. ಎಣ್ಣೆಯಂಶ ಹೆಚ್ಚಿರುವ ಬೂತಾಯಿಯನ್ನೇ ಪ್ರತಿದಿನ ಕೊಟ್ಟರೆ ಇ-ಜೀವಸತ್ವದ ಕೊರತೆಯಿಂದ ಮೈಯ ಕೊಬ್ಬು ಉರಿಯೂತಕ್ಕೆ ಒಳಗಾಗುವ ರೋಗ ಬರಬಹುದು. ಹೀಗಾಗಿ ವಾರದಲ್ಲಿ ಕೆಲವು ದಿನ ಬೇಯಿಸಿದ ಮೊಟ್ಟೆ, ಕೋಳಿಯ ಮಾಂಸ, ಕೋಳಿಯ ಹೃದಯದ ತುಂಡುಗಳನ್ನು ಕೊಡಬೇಕು. ಬೇಯಿಸಿದ ಕೋಳಿಯ ಮೂಳೆ ಸೀಳಿ ಚುಚ್ಚುವುದರಿಂದ ಅದು ನಿಷಿದ್ಧ. ಒಣಮೀನಿನಲ್ಲಿ ಉಪ್ಪು ಅತಿ.

ಉಳಿದ ಮೀನು ಸಾರನ್ನು ಅನ್ನಕ್ಕೆ ಕಲಸಿ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮಸಾಲೆ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ತೆಗೆದಿಡುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮರಿ ಜಗುಲಿಗೆ ಬರುವ ಕಾಲಕ್ಕೇ ಮೀನು ತುಟ್ಟಿಯಾಗುತ್ತದೆ. ಆ ದಿನಗಳಲ್ಲಿ ಮೊಟ್ಟೆ ಹಾಗೂ ಮರಿಗಳ ಒಣ ಆಹಾರ ನೆರವಿಗೆ ಬರುತ್ತವೆ. ಪೊಟ್ಟಣದ ಬೆಲೆ ಕಂಡು ಹೆದರುವ ಮುನ್ನ ದಿನದ ಲೆಕ್ಕ ಹಾಕಬೇಕು. ಒಂದು ಕಿಲೋ ತೂಕದ ಮರಿಗೆ ಒಣ ಆಹಾರ ಮಾತ್ರ ಕೊಟ್ಟರೂ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಸಾಕು. ಅಂದರೆ ಒಂದು ಕಿಲೋ ಪೊಟ್ಟಣ 17ರಿಂದ 20 ದಿನ ಬರುತ್ತದೆ. ಅರ್ಧ ಮನೆಯ ಆಹಾರ, ಅರ್ಧ ಪೊಟ್ಟಣದ್ದು ಎಂದಾದರೆ ತಿಂಗಳು ದಾಟುತ್ತದೆ. ನಾಯಿಯ ಆಹಾರ ಅಗ್ಗವೆಂದು ತರುವುದು ಸಲ್ಲದು. ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಆರು ತಿಂಗಳವರೆಗೆ ದಿನದ ಪಾಲನ್ನು ಮೂರು-ನಾಲ್ಕು ಹೊತ್ತಿಗೆ ಹಂಚಿ ಕೊಡಬೇಕು. ಮನೆಯಲ್ಲಿ ಮೀನು-ಮಾಂಸ ತರದವರಿಗೆ ಪೊಟ್ಟಣದ ಆಹಾರವೇ ದಾರಿ.

ಖರ್ಚಿಲ್ಲದ ಸೌಕರ್ಯಗಳು

ಬೆಕ್ಕಿನ ಹಾಸಿಗೆ, ಆಟಿಕೆ, ಕೊರಳಪಟ್ಟಿ, ಪೊಟ್ಟಣದಲ್ಲಿ ಬರುವ ಶೌಚದ ಮರಳು ಇವೆಲ್ಲ ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳಲ್ಲಿ ಯಾವುದೂ ಅನಿವಾರ್ಯವಲ್ಲ. ಒಡೆದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಒಣಮಣ್ಣು, ಮರದ ಮಿಲ್ಲಿನ ಹುಡಿ ಅಥವಾ ಹರಿದ ಪತ್ರಿಕೆ ಹಾಕಿ ಮೂಲೆಯಲ್ಲಿಟ್ಟರೆ ಮರಿ ಒಂದೆರಡು ದಿನಗಳಲ್ಲೇ ಕಲಿಯುತ್ತದೆ. ಮಳೆಗಾಲಕ್ಕೆ ಒಂದು ಚೀಲ ಒಣಮಣ್ಣು ಹಟ್ಟಿಯಲ್ಲಿ ಎತ್ತಿಟ್ಟುಕೊಂಡರೆ ಆಯಿತು. ಬೇಸಿನ್ ತೊಳೆಯಲು ಸಾಬೂನು, ಬಿಸಿನೀರು ಸಾಕು. ಫಿನಾಯಿಲ್ ಬಳಸಬಾರದು, ಅದರಲ್ಲಿರುವ ರಾಸಾಯನಿಕ ಬೆಕ್ಕಿನ ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆ ಸೇರಿ ವಿಷವಾಗುತ್ತದೆ.

ಬಿಡಲಾಗದ ಖರ್ಚು

ಉಳಿತಾಯ ಮಾಡಬಾರದ ಸಂಗತಿಗಳು ಮೂರು: ಜಂತುಹುಳುವಿನ ಔಷಧ, ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ.

ಬೀದಿಯ ಮರಿಗಳಲ್ಲಿ ಜಂತುಹುಳು ತೀರಾ ಸಾಮಾನ್ಯ. ತಾಯಿಯ ಹಾಲಿನ ಮೂಲಕವೇ ಬಂದಿರುತ್ತದೆ. ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಡೊಳ್ಳಾಗಿರುವುದು ಅದರ ಲಕ್ಷಣ. ಔಷಧದ ಬೆಲೆ ಹೆಚ್ಚಿಲ್ಲ. ಆದರೆ ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರೇ ಹೇಳಬೇಕು.

ಲಸಿಕೆ ಎರಡು ಬಗೆಯದು. ಬೆಕ್ಕುಗಳ ಮಾರಕ ವಾಂತಿ-ಭೇದಿ ರೋಗ ಹಾಗೂ ಎರಡು ಬಗೆಯ ನೆಗಡಿ ರೋಗಗಳ ವಿರುದ್ಧ ಒಂದೇ ಚುಚ್ಚುಮದ್ದಿದೆ. ಇದನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು-ನಾಲ್ಕು ವಾರಗಳಿಗೊಮ್ಮೆ ಹದಿನಾರನೆಯ ವಾರದವರೆಗೆ ಕೊಡಿಸಬೇಕು. ಈ ವಾಂತಿ-ಭೇದಿಯ ವೈರಾಣು ನೆಲದಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಹಿಂದೆ ಮರಿಯೊಂದು ಹೀಗೆ ಸತ್ತ ಮನೆಯಲ್ಲಿ ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿ, ನಂತರ ಚೆನ್ನಾಗಿ ತೊಳೆದು ಒಣಗಿಸಬೇಕು. ಎರಡನೆಯದು ರೇಬಿಸ್ ಲಸಿಕೆ. ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ನಂತರ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ.

ಖಾಸಗಿ ಚಿಕಿತ್ಸಾಲಯ ದುಬಾರಿ ಎನಿಸಿದವರು ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬೇಕು. ದನಕರುಗಳಿಗೆ ಮಾತ್ರ ಎಂಬ ತಪ್ಪು ಕಲ್ಪನೆಯಿಂದ ಹಲವರು ಅತ್ತ ಹೋಗುವುದೇ ಇಲ್ಲ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿದ್ದು, ಬೋಧನೆಯ ಜೊತೆಗೆ ಚಿಕಿತ್ಸೆಯೂ ನಡೆಯುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಹಲವೆಡೆ ಉಚಿತ ಲಸಿಕಾ ಶಿಬಿರ ಏರ್ಪಡುತ್ತದೆ. ಜೂನ್‌ನಲ್ಲಿ ಎರಡು ತಿಂಗಳ ಮರಿಯಾಗಿ ಬಂದದ್ದು ಅಷ್ಟು ಹೊತ್ತಿಗೆ ಮೂರು ತಿಂಗಳು ದಾಟಿರುತ್ತದೆ ಎಂಬುದು ಗಮನಾರ್ಹ.

ಮನೆಮದ್ದು ಮುಳುವಾದಾಗ

ಹಣ ಉಳಿಸಲು ಹೋಗಿ ಮರಿಯನ್ನು ಕಳೆದುಕೊಳ್ಳುವುದು ಇಲ್ಲಿಯೇ. ಜ್ವರ ಬಂದಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಚಿಗಟಕ್ಕೆಂದು ಮೈಗೆ ಸೀಮೆಎಣ್ಣೆ ಹಚ್ಚಿದರೆ ಬೆಕ್ಕು ಅದನ್ನು ನೆಕ್ಕಿ ನುಂಗುತ್ತದೆ. ನಾಯಿಗಳ ಚಿಗಟದ ಔಷಧಗಳಲ್ಲಿ ಇರುವ ಪರ್ಮೆಥ್ರಿನ್ ಬೆಕ್ಕಿಗೆ ಮಾರಕ ವಿಷ. ಚಿಕ್ಕ ಮರಿಗೆ ಹೇನು ಬಾಚುವ ಹಣಿಗೆಯಿಂದ ದಿನವೂ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿಗೆ ಹಾಕುವುದೇ ಸುರಕ್ಷಿತ. ಇದನ್ನು ಕಡೆಗಣಿಸುವಂತೆಯೂ ಇಲ್ಲ. ಚಿಗಟ ಮಿತಿಮೀರಿದರೆ ರಕ್ತಹೀನತೆಯಿಂದಲೇ ಮರಿ ಸಾಯಬಹುದು.

ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪಿನ ಗೆರಸೆ ಮರಿಯ ಬಾಯಿಗೆ ಸಿಗದಂತೆ ಇಡಬೇಕು. ನಿಕೋಟಿನ್ ಅದಕ್ಕೆ ವಿಷ. ಬೆಕ್ಕು ಬಂದ ಮೇಲೆ ಇಲಿಪಾಷಾಣವನ್ನು ಕೈಬಿಡುವುದೂ ಅಗತ್ಯ. ವಿಷ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕೂ ಸಾಯುತ್ತದೆ. ದಿನವಿಡೀ ಏನನ್ನೂ ತಿನ್ನದ, ಪದೇ ಪದೇ ವಾಂತಿ ಮಾಡುವ, ಬಾಯಿ ತೆರೆದು ಉಸಿರಾಡುವ, ಒಸಡು ಬಿಳಿಚಿದ ಮರಿಯನ್ನು ನಾಳೆ ನೋಡೋಣವೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯವರ ಆರೋಗ್ಯ

ಬೀದಿಯ ಮರಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅದನ್ನು ಕ್ಷುಲ್ಲಕವೆಂದು ಬಿಡುವಂತಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ನಿರೋಧಕ ಲಸಿಕೆ ಉಚಿತವಾಗಿ ದೊರೆಯುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಬೈಯುತ್ತಾರೆಂಬ ಹೆದರಿಕೆಯಿಂದ ಮಕ್ಕಳು ಪರಚಿದ್ದನ್ನು ಮುಚ್ಚಿಡುವುದುಂಟು. ಮರಿ ಮನೆಗೆ ಬಂದ ದಿನವೇ ಅವರಿಗೆ ತಿಳಿಹೇಳುವುದು ಒಳಿತು.

ಮರಿಯ ಕಿವಿ, ಮೂಗಿನ ಬಳಿ ಕೂದಲು ಉದುರಿ ದುಂಡನೆಯ ಕಲೆಯಾಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಮಕ್ಕಳ ಚರ್ಮಕ್ಕೂ ಹರಡುತ್ತದೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಗರ್ಭಿಣಿಯರು ಬೆಕ್ಕಿನ ಮಲ ಶುಚಿಗೊಳಿಸುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಮಲದ ಮೂಲಕ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕಾಗುವುದರಿಂದ ಬೇಸಿನ್ನನ್ನು ನಿತ್ಯ ಶುಚಿಗೊಳಿಸಿದರೆ ಅಪಾಯ ಬಹಳ ತಗ್ಗುತ್ತದೆ. ಈ ಕಾರಣಕ್ಕೆ ಬೆಕ್ಕನ್ನು ಮನೆಯಿಂದ ಹೊರಹಾಕಬೇಕಿಲ್ಲ.

ಮತ್ತೊಂದು ಗೋಣಿಚೀಲ ಬೇಡವೆಂದರೆ

ಹೆಣ್ಣು ಮರಿಯಾದರೆ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭಧಾರಣೆಯ ಅವಧಿ ಸುಮಾರು ಎರಡು ತಿಂಗಳು. ಅಂದರೆ ಮಳೆಗಾಲದಲ್ಲಿ ಬಂದ ಮರಿ ಒಂದು ವರ್ಷ ತುಂಬುವ ಮೊದಲೇ ಮೂರು-ನಾಲ್ಕು ಮರಿಗಳ ತಾಯಿಯಾಗಬಲ್ಲದು. ಒಂದನ್ನು ಹೇಗೋ ಸಾಕಿದ ಮನೆ ಐದನ್ನು ಸಾಕಲಾರದು. ಆಗ ಮತ್ತೆ ಗೋಣಿಚೀಲ ಹೊರಬರುತ್ತದೆ. ಆದ್ದರಿಂದ ಐದನೆಯ ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ. ಗಂಡಿಗೂ ಇದು ಅಗತ್ಯ. ಇಲ್ಲವಾದರೆ ಅದು ಅಲೆದಾಡಿ, ಕಾದಾಡಿ ಗಾಯಮಾಡಿಕೊಂಡು ಬರುತ್ತದೆ.

ಇದು ಇಡೀ ಪಾಲನೆಯಲ್ಲಿ ಒಮ್ಮೆಲೇ ಬರುವ ದೊಡ್ಡ ಖರ್ಚು. ದರ ಊರಿನಿಂದ ಊರಿಗೆ ಬೇರೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ, ಪ್ರಾಣಿದಯಾ ಸಂಸ್ಥೆಗಳ ಶಿಬಿರಗಳಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಮರಿ ಬಂದ ದಿನದಿಂದ ದಿನಕ್ಕೆ 10 ರೂಪಾಯಿಯಂತೆ ಡಬ್ಬಿಯೊಂದಕ್ಕೆ ಹಾಕಿದರೆ ತಿಂಗಳಿಗೆ 300, ಆರು ತಿಂಗಳಿಗೆ 1,800 ರೂಪಾಯಿ ಕೂಡುತ್ತದೆ. ಅಷ್ಟರಲ್ಲಿ ಎಲ್ಲವೂ ಮುಗಿಯುತ್ತದೆಂದು ಹೇಳಲಾಗದಿದ್ದರೂ, ಕಾಯಿಲೆಯ ದಿನ ಕೈಸಾಲಕ್ಕೆ ಓಡುವುದು ತಪ್ಪುತ್ತದೆ. ದಿನಕ್ಕೆ ಈ ಹತ್ತು ರೂಪಾಯಿ ಎತ್ತಿಡಲು ಆಗುವುದೇ ಎಂಬುದು ಮರಿಯನ್ನು ಉಳಿಸಿಕೊಳ್ಳುವ ಮುನ್ನ ಮನೆಯವರು ಕೇಳಿಕೊಳ್ಳಬೇಕಾದ ಪ್ರಾಮಾಣಿಕ ಪ್ರಶ್ನೆ.

ಆಗದು ಎಂದಾದರೆ

ಆಗದು ಎನ್ನುವುದು ಅಪರಾಧವಲ್ಲ. ಆದರೆ ಬಿಟ್ಟು ಬರುವುದು ಅದಕ್ಕೆ ಉತ್ತರವಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಮೀನು ಮಾರುಕಟ್ಟೆಯಲ್ಲಿ ಆಹಾರ ಸಿಗುತ್ತದೆಂಬುದು ಬಿಟ್ಟು ಬರುವವರ ಸಮಾಧಾನವಷ್ಟೆ. ಅಲ್ಲಿನ ದೊಡ್ಡ ಬೆಕ್ಕುಗಳ, ನಾಯಿಗಳ, ವಾಹನಗಳ ನಡುವೆ ಎರಡು ತಿಂಗಳ ಮರಿ ಉಳಿಯುವುದು ಕಷ್ಟ.

ಇರುವ ದಾರಿಗಳು ಬೇರೆ. ಎರಡು-ಮೂರು ವಾರ ಮನೆಯಲ್ಲಿ ಇರಿಸಿಕೊಂಡು, ಜಂತುಹುಳುವಿನ ಔಷಧ ಕೊಡಿಸಿ, ಮೈ ತುಂಬಿಸಿದರೆ ಬೇರೊಂದು ಮನೆ ಹುಡುಕುವುದು ಸುಲಭವಾಗುತ್ತದೆ. ಜನರನ್ನು ಕಂಡರೆ ಓಡಿಬರುವ ಮರಿಯನ್ನು ಒಪ್ಪುವವರು ಸಿಗುತ್ತಾರೆ. ಇಲಿಗಳ ಕಾಟವಿರುವ ಅಡಿಕೆ, ಭತ್ತದ ದಾಸ್ತಾನಿನ ಮನೆಗಳಲ್ಲಿ ಬೆಕ್ಕಿಗೆ ಸದಾ ಬೇಡಿಕೆಯಿದೆ. ಎರಡು-ಮೂರು ನೆರೆಮನೆಗಳು ಸೇರಿ ಒಂದೇ ಬೆಕ್ಕನ್ನು ಸಾಕುವುದೂ ಸಾಧ್ಯ: ಒಂದು ಮನೆಯ ಮೀನಿನ ತಲೆ, ಇನ್ನೊಂದು ಮನೆಯ ಮೊಟ್ಟೆ, ಲಸಿಕೆಗೆ ಎಲ್ಲರ ಪಾಲು. ಒಟ್ಟಿಗೆ ಖರ್ಚು ಹಂಚಿಕೊಳ್ಳುವವರು ಒಂದು ವಿಷಯವನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮರಿಗೆ ಹುಷಾರು ತಪ್ಪಿದ ದಿನ ಅದನ್ನು ಬುಟ್ಟಿಯಲ್ಲಿಟ್ಟು ಬಸ್ಸು ಹತ್ತುವವರು ಯಾರು ಎಂಬುದು.